ಸರದಿ

ಗಾಳಿ ಬಂದದ್ದು ಮಂಗಳವಾರ. ತಂತಿಯ ಮೇಲೆ
ಹದಿನೇಳು ನೀಲಗಿರಿ ಮರ. ಎಣಿಸಿದ್ದು ಅಂಚೆಯ ಲಾಕ್ಲನ್;
ಪೇಟೆಯ ರಸ್ತೆ ಮುಚ್ಚಿದ ಮೇಲೆ ಅವನಿಗೇನು ಕೆಲಸ.

ಗಿಪ್ಸ್‌ಲ್ಯಾಂಡಿನ ಈ ಕಣಿವೆಗೆಲ್ಲ ಒಂದೇ ಜನರೇಟರು.
ಟ್ರೇಲರಿನ ಮೇಲೆ ಮನೆಮನೆ ತಿರುಗುತ್ತದೆ,
ಹೆಪ್ಪಿಗೆ ಮಜ್ಜಿಗೆ ಎರವಲು ಹೋದ ಹಾಗೆ.
ಗ್ಲೆನಿಸ್ ಹಿಂಡಿಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ:
ಟ್ರೆಗಿಯರ್ ಕೊಟ್ಟಿಗೆಗೆ ಎರಡು ತಾಸು,
ಶಾಲೆಯ ಫ್ರಿಜ್ಜಿಗೆ ಅರ್ಧ,
ಮುದುಕ ಆಲ್ವಿನನ ಉಸಿರಿನ ಯಂತ್ರಕ್ಕೆ
ಹೊತ್ತು ಬರೆದಿಲ್ಲ, ಬರಿ ಒಂದು ಉದ್ದ ಗೀಟು.

‘ನಿಮ್ಮ ಕಡೆ ಕೈಯಲ್ಲೇ ಕರೀತಾರಂತಲ್ಲ?’
ಟಾರ್ಚು ಹಿಡಿದು ನನ್ನ ಬೆರಳು ನೋಡುತ್ತಾನೆ ಟ್ರೆಗಿಯರ್.
ನಾನು ದಾವಣಗೆರೆಯ ಪ್ಯಾಕೆಟ್ ಹಾಲಿನವಳು,
ಮೂಲೆ ಕತ್ತರಿಸುವುದಷ್ಟೇ ಗೊತ್ತು.
ಆದರೂ ಕೂತೆ.
ಬಿಗಿದ ಕೆಚ್ಚಲು, ಬಿಸಿಲಿಗಿಟ್ಟ ಕಲ್ಲು.
ಹಸು ತಿರುಗಿ ನೋಡಿತು. ಒದೆಯಲಿಲ್ಲ.
ತೊರೆಬಿಡಲೂ ಇಲ್ಲ.

ಆ ರಾತ್ರಿಯಿಡೀ ಇನ್ನೂರ ಎಂಬತ್ತು ಹಸು ಕೂಗಿದವು.
ಗುಡ್ಡದಾಚೆ ಆಲ್ವಿನ್ ಉಸಿರಾಡಿದ.
ಯಾರೂ ಏನೂ ಅನ್ನಲಿಲ್ಲ. ಟ್ರೆಗಿಯರ್ ಒಮ್ಮೆ ಎದ್ದು
ಜೀಪಿನ ಬೀಗದಕೈ ತೆಗೆದುಕೊಂಡ,
ಮತ್ತೆ ಅದೇ ಮೊಳೆಗೆ ನೇತುಹಾಕಿದ.

ಭಾನುವಾರ ನಸುಕಿಗೆ ಕರೆಂಟು.
ತೊಟ್ಟಿಯಲ್ಲಿ ಕೆಟ್ಟ ಹಾಲನ್ನು ಹೊಲಕ್ಕೆ ಬಿಟ್ಟರು,
ಹುಲ್ಲಿನ ಬುಡದಲ್ಲಿ ಬೆಳ್ಳಗೆ ನಿಂತು, ನಿಧಾನ ಇಂಗಿತು.

ಹಿಂಡಿಚೀಲ ಇನ್ನೂ ಬಾಗಿಲಿಗೇ ತೂಗುತ್ತಿದೆ.
ಎಲ್ಲರಿಗೂ ಗುರುತು ಬಿದ್ದಿದೆ, ಕೊನೆಯ ಸಾಲಿಗಿಲ್ಲ.
ಅಲ್ಲಿ ನನ್ನ ಹೆಸರು, ಎರಡಕ್ಷರ ತಪ್ಪಾಗಿ,
ಮುಂದೆ ಹದಿನೈದು ನಿಮಿಷ.

ಕೇಳಿರಲಿಲ್ಲ ನಾನು.