ಅದೇ ಥಾನಿನ ತುಂಡು

ಲೆಸ್ಟರಿನ ನಾರ್‌ಬರೋ ರಸ್ತೆಯಲ್ಲಿ
ಮೂವತ್ತೊಂದು ವರ್ಷ
ಕತ್ತರಿ ಹುಡುಕೋ ಬೇಸರಕ್ಕೆ
ದಾರ ಹಲ್ಲಿಂದಲೇ ಕಡಿದೆ.
ಮುಂದಿನ ಹಲ್ಲಿನ ಅಂಚಿಗೆ ಸೂಜಿಗಣ್ಣಿನಷ್ಟು ಕಚ್ಚು;
ಕಸುಬಿನ ಮುದ್ರೆ ಅಂತ ಹೆಮ್ಮೆಯಿತ್ತು.

ಒಸಡು ಮಾತ್ರ ಸದ್ದಿಲ್ಲದೆ
ಹೊಲಿಗೆ ಬಿಚ್ಚಿಕೊಂಡಿತ್ತು.

"ಪಾಕೆಟ್ ಏಳು," ಅಂದಳು ಡಾಕ್ಟರ್ ಒಲ್ವೆನ್
ಸಣ್ಣ ಕಡ್ಡಿ ಇಳಿಬಿಟ್ಟು.
"ಏಳು. ಆರು. ಮತ್ತೆ ಏಳು."
ಮೂಲೆಯಲ್ಲಿ ಹುಡುಗಿ ಬರಕೊಂಡಳು.
ಬಾಯಿ ತೆರೆದಿದ್ದಂತೆಯೇ ನಗು ಬಂತು ನನಗೆ:
ಅಳತೆ ಕೂಗೋದು ನಾನು, ಬರಕೊಳ್ಳೋದು ಇನ್ನೊಬ್ಬರು,
ಹಾಗಲ್ಲವೆ ಇಷ್ಟು ದಿನ ನಡೆದದ್ದು!
ಎಷ್ಟು ಸಾವಿರ ಜೇಬು ಹೊಲಿದೆ
ಶಾಲೆಯ ಚಡ್ಡಿಗೆ, ಬಸ್ಸಿನವರ ಕೋಟಿಗೆ;
ನನ್ನ ಬಾಯೊಳಗೆ ಯಾರೂ ಹೊಲಿಯದ ಜೇಬು
ಎಲುಬಿನ ತನಕ ಜೋತಿತ್ತು.

ತೋಳಿಂದ ನಾಲ್ಕು ಚಿಕ್ಕ ಸೀಸೆ ರಕ್ತ.
ಯಂತ್ರದ ಮುಚ್ಚಳ ಹಾಕಿ ಒತ್ತಿದರು,
ಗಿರ್ರನೆ ತಿರುಗಿತು, ಬಾಬಿನ್ನಿಗೆ ದಾರ ಸುತ್ತುವ ಸದ್ದು.
ಕಣ್ಣು ಮುಚ್ಚಿದರೆ ಅಂಗಡಿಯಲ್ಲೇ ಇದ್ದೇನೆ ಅನ್ನಬಹುದಿತ್ತು,
ಲವಂಗದ ವಾಸನೆ ಇಲ್ಲದಿದ್ದರೆ.

ನಿಂತಾಗ ಕೆಂಪೆಲ್ಲ ಅಡಿಗೆ, ಮೇಲೆ
ಹರಳೆಣ್ಣೆ ಬಣ್ಣದ ತಿಳಿ.
ಇದು ನನ್ನದಾ?
"ನಿಮ್ಮದೇ. ಗಾಯವಾದಾಗ ಮೊದಲು ಓಡಿ ಬರುವವರು,
ಪ್ಲೇಟ್‌ಲೆಟ್, ಈ ಪ್ಲಾಸ್ಮಾದಲ್ಲೇ ಗುಂಪಾಗಿದ್ದಾರೆ.
ಒಸಡು ಬೆಳೆಯುತ್ತದೆ ಅಂತ ಖಾತ್ರಿ ಕೊಡಲಾರೆ.
ಕೂಗಿ ಕರೆಯುತ್ತೇನೆ, ಅಷ್ಟೆ."

ಕಾಲರ್ ಹರಿದರೆ ಗಿರಾಕಿಗೆ ನಾನು ಕೇಳುವುದು ಒಂದೇ:
ಅದೇ ಥಾನಿನ ತುಂಡು ಉಳಿದಿದೆಯಾ?
ಬೇರೆ ಬಟ್ಟೆಯ ತೇಪೆ ಮೊದಲ ಒಗೆತಕ್ಕೇ
ಜಗ್ಗುತ್ತದೆ, ಮುದುಡುತ್ತದೆ.
ಯಾರ ಮನೆಯಲ್ಲೂ ಉಳಿದಿರುತ್ತಿರಲಿಲ್ಲ.
ನನ್ನ ಮೈ ಎತ್ತಿಟ್ಟಿತ್ತು,
ನನಗೂ ಹೇಳದೆ.

ಮರಗಟ್ಟಿದ ತುಟಿಯಾಚೆ ಅವಳು ಹೊಲಿಯುವಾಗ
ದೀಪದ ಗಾಜಿನಲ್ಲಿ ಅವಳ ಕೈ ಕಂಡಿತು.
ನೀಲಿ ದಾರ, ಕೂದಲಿನಷ್ಟು ತೆಳು.
ಹೊಲಿಗೆ ಸಮ. ಗಂಟು ತುಸು ಬಿಗಿ.
ಹೇಳಬೇಕೆನಿಸಿತು; ನಾಲಿಗೆ ದಪ್ಪವಾಗಿತ್ತು.

ಆರು ತಿಂಗಳು. ಕಡ್ಡಿ ಮತ್ತೆ ಇಳಿಯಿತು.
"ನಾಲ್ಕು. ಮೂರು. ಇಲ್ಲಿ... ಆರು."
ಒಂದು ಕಡೆ ಕೂಡಿಕೊಳ್ಳಲಿಲ್ಲ. ಆ ದವಡೆಹಲ್ಲು ಇನ್ನೂ
ಸಡಿಲ ಚಿಲಕದ ಹಾಗೆ ಅಲುಗುತ್ತದೆ.
ಕ್ಷಮಿಸಿ ಅಂದಳು.
ಅಳತೆ ತಪ್ಪಿದ್ದಕ್ಕೆ ಇಷ್ಟು ಮೆತ್ತಗೆ ಕ್ಷಮೆ ಕೇಳಿದ ದರ್ಜಿಯನ್ನು
ನಾನು ಕಂಡಿಲ್ಲ,
ನನ್ನನ್ನೂ ಸೇರಿಸಿ.

ಇವತ್ತು ಸಂಜೆ ಕೋಟಿಗೆ ಗುಂಡಿ ಹಚ್ಚಿ ಮುಗಿಸಿದ ಮೇಲೆ
ದಾರ ತಾನಾಗಿ ಬಾಯಿಗೆ ಹೋಯಿತು.
ತುಟಿಯ ತನಕ.
ಆಮೇಲೆ ಕತ್ತರಿ ಹುಡುಕಿದೆ.
ಬಟ್ಟೆಯ ರಾಶಿ ಕೆಳಗಿತ್ತು, ಯಾವತ್ತಿನ ಹಾಗೆ.