ಹನ್ನೊಂದು, ಒಂದು

ವಲೇರಿಯನ್ ಸರ್: ಹನ್ನೊಂದು ಕಪ್ಪು.
ಕಾಲೇಜಿನ ಗಾಜಿನ ಕಪಾಟು ಸಾಲದೆ
ಎರಡು ಆಫೀಸಿನ ಫೈಲುಗಳ ಮೇಲೆ.
ನಮ್ಮ ಸಂಕಪ್ಪ ಮಾಸ್ಟ್ರು: ಒಂದೇ.
ಅದಕ್ಕೂ ಒಂದು ಕಿವಿಯಿಲ್ಲ.

ಹಳೇ ವಿದ್ಯಾರ್ಥಿಗಳ ಊಟದಲ್ಲಿ ವರ್ಷವೂ ಇದೇ ಜಗಳ,
ನೀರುದೋಸೆ ತಣಿಯುವವರೆಗೆ.
ನಾನು ಬೆಂಚು ಕಾದವನು. ಇಪ್ಪತ್ತೆರಡು ಪಂದ್ಯ,
ಆಡಿದ್ದು ಒಂಬತ್ತು ನಿಮಿಷ.
ನನ್ನನ್ನು ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಐದೂವರೆಗೆ ಗೋಣಿಯಲ್ಲಿ ಕೋರ್ಟಿನ ನೀರೊರೆಸಿ
ಮಾಸ್ಟ್ರು ನನ್ನ ಬಲಗೈಯನ್ನು
ಬೈರಾಸಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರು:
“ಎಡದಲ್ಲಿ ಹಾಕು ಮಾರಾಯ, ಬೀಳದಿದ್ದರೆ ಬೇಡ.”
ಬೀಳುತ್ತಿರಲಿಲ್ಲ.

ಕಳೆದ ಮಾರ್ಚಿನಲ್ಲಿ ನನ್ನ ಬಲಭಾಗ ಬಿದ್ದುಹೋಯಿತು.
ಕಂಕನಾಡಿಯ ಆಸ್ಪತ್ರೆಯಲ್ಲಿ
ನರ್ಸು ಇನ್ನೂ ಗಂಜಿ ಆರಿಸುತ್ತಿರುವಾಗಲೇ
ಎಡಗೈ ತಾನಾಗಿ ಎದ್ದು, ಚಮಚ ಕಸಿದು,
ಬಾಯಿಗೆ ಹಾಕಿತು,
ಒಂದಗುಳೂ ಚೆಲ್ಲದೆ.

ಎರಡನೇ ತುತ್ತು ಮಾತ್ರ ಬನಿಯನ್ನಿನ ಮೇಲೆ.