ಒಳಗಾ, ಹೊರಗಾ

ಕಣೇಕಲ್ಲು ದಾಟಿದ ಮೇಲೆ ರಸ್ತೆ ಇರಲಿಲ್ಲ.
ಇತ್ತು, ಮರಳಿನ ಅಡಿಗೆ.
ಆಷಾಢದ ಗಾಳಿ ಹಗರಿಯನ್ನು ಬುಟ್ಟಿಬುಟ್ಟಿ ಹೊತ್ತು ತಂದು
ಡಾಂಬರಿನ ಮೇಲೆ ಸುರಿದು ಹೋಗಿತ್ತು.
ಹೊನ್ನೂರಸಾಬ ಆಟೋ ನಿಲ್ಲಿಸಿ
ಚಪ್ಪಲಿ ಕೈಗೆ ತೊಟ್ಟು ಗಾಲಿಯ ಮುಂದೆ ತೋಡಿದ.
"ನೀರಿಲ್ಲದ ಹೊಳಿ ನೋಡವಾ,
ಅದಕ್ಕೇ ನಡಕೊಂಡು ಹೊಂಟೈತಿ" ಅಂದ.

ನಾನು, ಕುಳ್ಳಾಯಮ್ಮ.
ರಾಯದುರ್ಗದ ಶೆಡ್ಡಿನಲ್ಲಿ ಹನ್ನೊಂದು ಮಿಷಿನ್ನು,
ಹನ್ನೊಂದು ಹೆಂಗಸರು, ಆರು ವಾರದ ಬಟವಾಡೆ ಬಾಕಿ.
ಯಾರಿಗೆಷ್ಟು ಅಂತ ಜೇಬಿನ ತುಂಡುಬಟ್ಟೆಯ ಮೇಲೆ
ಗುರುತುಹಾಕುವ ಸುಣ್ಣದಲ್ಲಿ ಬರೆದುಕೊಂಡಿದ್ದೆ.
ಗಾಳಿಗೆ ಅಳಿಸೀತೆಂದು ರವಿಕೆಯೊಳಗಿಟ್ಟೆ.
ಬೆವರಿಗೂ ಅಳಿಸೀತೆಂದು ಆಮೇಲೆ ಹೊಳೆಯಿತು.

ದಿಬ್ಬದ ಮೇಲೆ ದಿಬ್ಬ, ಒಂದು ಜಾಲಿ, ಅದರಡಿ ಒಂದು ಮೇಕೆ,
ಮತ್ತೆ ಏನೂ ಇಲ್ಲ.
ಉರವಕೊಂಡದಲ್ಲಿ ಇಳಿದು ತಿಂದೆವು.
ಬಳ್ಳಾರಿಯಲ್ಲಿ ಒಗ್ಗರಣೆ ಅನ್ನುತ್ತಾರೆ, ಇಲ್ಲಿ ಉಗ್ಗಾಣಿ.
ಮಂಡಕ್ಕಿ ಅದೇ, ಮೆಣಸಿನಕಾಯಿ ಅದೇ, ಖಾರವೂ.
ಹಲ್ಲಿನ ನಡುವೆ ಮಾತ್ರ ಕರಕರ ಮರಳು.

ಗುಂತಕಲ್ಲು ದೂರದಿಂದಲೇ ಕಂಡಿತು.
ಕತ್ತಲ ತುದಿಗೆ ರೈಲ್ವೆ ಯಾರ್ಡಿನ ದೀಪಗಳು,
ಯಾರೋ ಮುಷ್ಟಿ ಸಡಿಲಿಸಿ ಚಿಲ್ಲರೆ ಚೆಲ್ಲಿದ ಹಾಗೆ.
"ದುಬೈ ಇದ್ದಂಗೈತಲ್ಲೇ" ಅಂದಳು ಕುಳ್ಳಾಯಮ್ಮ.
ದುಬೈ ಕಂಡವಳ ಥರ.

ಲಾಡ್ಜಿನ ಮೂರನೇ ಮಹಡಿ.
ಬೆಳಕು ಬೀದಿಗೆ ಬೀಳದಂತೆ ಕಿಟಕಿಗೆ ಜೀನ್ಸ್ ಬಟ್ಟೆಯ ಪರದೆ.
ಅಂಚಿನ ಹೊಲಿಗೆ ನೋಡಿದೆ, ಯಾರದೋ ಅವಸರದ ಕೈ.
ಚಾಪೆಯ ಮೇಲೆ ನಮ್ಮ ಮಾಲೀಕ ಗಾದಿಲಿಂಗಪ್ಪ,
ತೊಡೆಯಡಿ ನೋಟು, ಕಿವಿಯ ಸಂದಿಗೆ ಬೀಡಿ.
ಲೆಕ್ಕ ಹೇಳಿದೆವು. ಬೈಯಲಿಲ್ಲ. ನಗಲೂ ಇಲ್ಲ.
ಎಲೆ ಹಾಕುವವನ ಮಣಿಕಟ್ಟು ಹಿಡಿದು ನಿಲ್ಲಿಸಿ
"ಸುಂಕಮ್ಮಾ, ನೀನೇ ಹೇಳು" ಅಂದ,
"ಲೋಪಲಾ? ಬೈಟಾ?"

ಹದಿನಾಲ್ಕು ಗಂಡಸರು ನನ್ನ ಬಾಯಿ ನೋಡುತ್ತ ಕೂತರು.
ನನ್ನ ಮದುವೆಗೂ ಯಾರೂ ನನ್ನ ಮಾತಿಗೆ ಹಾಗೆ ಕಾದವರಲ್ಲ.
ಹದಿನೆಂಟು ವರ್ಷ ಪ್ಯಾಂಟು ಮಗುಚಿಟ್ಟು ಹೊಲಿದವಳು ನಾನು,
ಒಳಗಿನದು ಹೊರಗೆ, ಹೊರಗಿನದು ಒಳಗೆ,
ತಿರುವಿ ಹಾಕುವ ತನಕ
ಯಾವುದು ಯಾವುದೋ ಕೈಗಷ್ಟೇ ಗೊತ್ತು.
"ಒಳಗೆ" ಅಂದೆ.

ನಡುವೆ ಇಸ್ಪೀಟು ಎಂಟು.
ಆ ಕಡೆಗೊಂದು ಎಲೆ, ಈ ಕಡೆಗೊಂದು.
ಹೊರಗೆ ರೈಲೊಂದು ಕೂಗಿತು, ಯಾವ ಊರಿನದೋ.
ಆಟೀನು ಎಂಟು ಒಳಗೇ ಬಿತ್ತು.

ಹನ್ನೊಂದು ಪಾಲು, ಪೈಸೆ ತಪ್ಪದೆ ಎಣಿಸಿಕೊಟ್ಟ.
ಕುಳ್ಳಾಯಮ್ಮ ಸೊಂಟದ ಚೀಲಕ್ಕೆ ತುರುಕಿ, "ಏಳು" ಅಂದಳು.
ನಾನು ಏಳಲಿಲ್ಲ.
"ನನ್ನ ಪಾಲು ನನ್ನ ಕೈಗೆ ಕೊಡು" ಅಂದೆ.
ಕೊಡುವ ಮುಂಚೆ ಅವಳು ನೋಡಿದ ನೋಟ
ಈಗಲೂ ಬೆನ್ನ ಮೇಲೆ ಕೂತಿದೆ.

ಆರು ವಾರ. ಎಡಗಾಲು ಎಷ್ಟು, ಬಲಗಾಲು ಎಷ್ಟು,
ಉಗುರಿಗೆ ಇಳಿದ ನೀಲಿ ಎಷ್ಟು.
ಅಷ್ಟನ್ನೂ ಚಾಪೆಗಿಟ್ಟು "ಹೊರಗೆ" ಅಂದೆ.
ಒಳಗೆ ಬಿತ್ತು.

ಬರುವಾಗ ಯಾರೂ ಮಾತಾಡಲಿಲ್ಲ.
ನಿನ್ನೆ ತೋಡಿದ ಜಾಗ ಮತ್ತೆ ಮುಚ್ಚಿತ್ತು,
ಹೊನ್ನೂರಸಾಬ ಮತ್ತೆ ಚಪ್ಪಲಿ ಕೈಗೆ ತೊಟ್ಟ.
ಈ ಸಲ ನಾನೂ ಇಳಿದು ತೋಡಿದೆ, ಬರಿಗೈಯಲ್ಲಿ.
ಬೆಳಗಿನ ಮರಳು ತಣ್ಣಗಿತ್ತು.

ಮನೆಯಲ್ಲಿ ಹೇಳಿದ್ದು: ಮಾಲೀಕ ನನ್ನದೊಂದು ಹಿಡಕೊಂಡ.
ಕುಳ್ಳಾಯಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಈಗಲೂ ಕಾಲು ಮಗುಚುವಾಗ
ಒಂದು ಗಳಿಗೆ ಕೈ ನಿಲ್ಲುತ್ತದೆ.
ಹೋದ ದುಡ್ಡಿಗಲ್ಲ.
ಎಲೆ ಅವನ ಬೆರಳು ಬಿಟ್ಟು, ಚಾಪೆ ಇನ್ನೂ ಮುಟ್ಟದೆ,
ಎರಡೂ ನನ್ನದೇ ಆಗಿತ್ತಲ್ಲ,
ಅಷ್ಟು ಹೊತ್ತಿಗೆ.

"ದಾರ ಕಡಿದೈತಿ ನೋಡೇ" ಅನ್ನುತ್ತಾಳೆ ಕುಳ್ಳಾಯಮ್ಮ,
ತಲೆ ಎತ್ತದೆ.